ಪದ ಬೇಕು: ‘ಸೆಲೆಕ್ಟಿವ್ ಸೈಟೊಟಾಕ್ಸಿಕ್’ (ಫಲಕಕ್ಕೆ, ತುರ್ತು)

ಧಾರವಾಡ: ಇಲ್ಲಿಯ ಔಷಧಿವನಕ್ಕೆ ಫಲಕ ಬರೆಸೋದೈತಿ, ಪೇಂಟರ್ ನಾಳೆ ಮಧ್ಯಾಹ್ನ ಬರ್ತಾನ. ಗಿಡ ಎರಡು: ಕಾಶಿ ಕಣಗಿಲೆ (ವಿನ್‌ಕ್ರಿಸ್ಟೀನ್), ದುರ್ವಾಸನೆ ಮರ (ಕ್ಯಾಂಪ್ಟೊಥೆಸಿನ್). ಕ್ಯಾನ್ಸರ್ ಕೋಶಗಳನ್ನು ಆರಿಸಿ ಕೊಲ್ಲುವಂಥದ್ದು ಅನ್ನೋ ಅರ್ಥಕ್ಕ ‘ಆಯ್ದ ಕೋಶವಿಷ’ ಅಂತ ಬರೆದಿಟ್ಟೇನಿ. ನಡೀತದೇನು?

ಹಾವೇರಿ: ನಡೆಯೋದಿಲ್ಲ. ‘ಆಯ್ದ ವಿಷ’ ಅಂದರೆ ಯಾರೋ ಆರಿಸಿಟ್ಟ ವಿಷ. ಇಲ್ಲಿ ಆಯುವ ಕೆಲಸ ವಿಷದ್ದೇ. ‘ಆಯ್ದು ಕೊಲ್ಲುವ’ ಆಗಬೇಕು. ಗೋವಿನಜೋಳಕ್ಕೆ ಹೊಡೆಯುವ ಅಟ್ರಾಜಿನ್ ಬೆಳೆ ಬಿಟ್ಟು ಕಳೆ ಸುಡುತ್ತದಲ್ಲ, ಅದನ್ನು ‘ಆಯ್ದ ಕಳೆನಾಶಕ’ ಎಂದರೂ ಇದೇ ತಪ್ಪು.

ಗದಗ: ‘ವರಣಾತ್ಮಕ ಕೋಶಘ್ನ’. ವರಣ ಎಂದರೆ ಆಯ್ಕೆ; ‘ಘ್ನ’ದಲ್ಲಿರುವುದು ‘ಕೊಲ್ಲು’ ಎಂಬರ್ಥದ ಹನ್ ಧಾತು, ಕ್ರಿಮಿಘ್ನ, ಕೃತಘ್ನ ನೋಡಿ. ಕ್ಯಾನ್ಸರ್ ತೆಗೆದು ‘ಅರ್ಬುದ’ ಹಾಕಿ. ಹಾಗೇ ‘ಔಷಧಿವನ’ವೂ ಸಾಧುವಲ್ಲ: ಒಂದೋ ಓಷಧಿವನ, ಇಲ್ಲವೇ ಔಷಧವನ.

ಹಾವೇರಿ: ಕೋಶಘ್ನ ಅಂದರೆ ನಿಘಂಟು ಸುಡುವವನು ಅಂದುಕೊಂಡಾರು.

ಹುಬ್ಬಳ್ಳಿ: ಪದಕ್ಕಿಂತ ಮೊದಲು ಅರ್ಥ ಸರಿ ಮಾಡ್ಕೊಳ್ರಿ. ‘ಮಾತ್ರ’ ಅಂತ ಎಲ್ಲೂ ಹಾಕಬ್ಯಾಡ್ರಿ. ಲ್ಯಾಬಿನಲ್ಲಿ ಈ ‘ಆಯ್ಕೆ’ ಬರೀ ಒಂದು ಭಾಗಾಕಾರ: ಆರೋಗ್ಯವಂತ ಕೋಶಗಳಲ್ಲಿ ಅರ್ಧವನ್ನು ಕೊಲ್ಲುವ ಪ್ರಮಾಣವನ್ನು, ಕ್ಯಾನ್ಸರ್ ಕೋಶಗಳಲ್ಲಿ ಅರ್ಧವನ್ನು ಕೊಲ್ಲುವ ಪ್ರಮಾಣದಿಂದ ಭಾಗಿಸೋದು. 20ಕ್ಕೆ 2 ಆದರೆ 10, ಚಲೋ. 1 ಬಂತಂದ್ರೆ ಅದು ಎಲ್ಲರಿಗೂ ವಿಷ. ಈ ಲೆಕ್ಕವೂ ಕೈಕೊಡ್ತದ. ಜೀವಂತ ಕೋಶ ಎಷ್ಟವ ಅಂತ ನೋಡೋಕೆ ಎಂಟಿಟಿ ಅನ್ನೋ ಬಣ್ಣ ಹಾಕ್ತಾರ, ಕೋಶ ಜೀವಂತ ಇದ್ದರ ಅದು ನೇರಳೆ ಆಗ್ತದ. ಆದರೆ ಎಲೆಸಾರದ ಪಾಲಿಫಿನಾಲ್‌ಗಳು ಪರೀಕ್ಷಾ ತಟ್ಟೆಯ ಕೋಶವೇ ಇಲ್ಲದ ಗುಳಿಯಲ್ಲೂ ಆ ಬಣ್ಣವನ್ನು ನೇರಳೆ ಮಾಡ್ತಾವ, ಸತ್ತ ಕೋಶ ಜೀವಂತ ಇದ್ದಂಗ ಕಾಣ್ತದ.

ವಿನ್‌ಕ್ರಿಸ್ಟೀನ್, ಕೋಶದೊಳಗ ಸಣ್ಣ ನಳಿಗೆ ಕಟ್ಟೋ ಪ್ರೋಟೀನ್ ಆದ ಟ್ಯೂಬ್ಯುಲಿನ್‌ಗೆ ಅಂಟಿಕೊಂಡು ಕೋಶ ಎರಡಾಗೋದನ್ನು ತಡೀತದ. ಕ್ಯಾನ್ಸರ್ ಕೋಶ ಬಿಡುವಿಲ್ಲದೆ ಒಡೆದು ಎರಡಾಗ್ತಾವ, ಅದಕ್ಕ ಪೆಟ್ಟು ಅವಕ್ಕೇ ಹೆಚ್ಚು. ಆದರೆ ಕೂದಲ ಬುಡದ ಕೋಶಗಳೂ ಹಂಗ ಎರಡಾಗ್ತಾವ. ನರದ ಎಳೆಯೊಳಗೂ ಟ್ಯೂಬ್ಯುಲಿನ್ ಐತಿ. ಕೂದಲು ಉದುರೋದು, ಕೈಕಾಲು ಜೋಮು ಹಿಡಿಯೋದು ಅದಕ್ಕ. ಕ್ಯಾಂಪ್ಟೊಥೆಸಿನ್ 1966ರಲ್ಲಿ ಸಿಕ್ಕದ್ದು ಚೀನಾದ ಬೇರೆ ಮರದಲ್ಲಿ. ಅದು ನೀರಿನಲ್ಲಿ ಕರಗೋದೇ ಕಷ್ಟ, ಮೇಲಾಗಿ ಮೂತ್ರಕೋಶಕ್ಕ ಹಾನಿ. ಆಸ್ಪತ್ರೆಯಲ್ಲಿ ಕೊಡೋದು ಅದನ್ನು ತಿದ್ದಿ ಮಾಡಿದ ಟೊಪೊಟೆಕಾನ್, ಇರಿನೊಟೆಕಾನ್. ದುರ್ವಾಸನೆ ಮರಕ್ಕ ‘ಔಷಧದ ಮೂಲವಸ್ತು’ ಅಂತಷ್ಟ ಬರೀರಿ.

ಗದಗ: ಟ್ಯೂಬ್ಯುಲಿನ್‌ಗೂ ಕನ್ನಡವಿಲ್ಲವೇ? ಹೀಗೆ ಎಲ್ಲವನ್ನೂ ಎರವಲು ತಂದರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಹಾವೇರಿ: ನಿಮ್ಮ ವರಣಾತ್ಮಕವೂ ಎರವಲೇ, ಊರು ಬೇರೆ ಅಷ್ಟೇ. ಹುಬ್ಬಳ್ಳಿ ಮಂದಿ ಹೋಗೋದು ದವಾಖಾನೆಗೆ. ದವಾ ಅರಬ್ಬಿ, ಖಾನೆ ಫಾರಸಿ. ಯಾರಿಗೂ ದಾರಿ ತಪ್ಪಿಲ್ಲ.

ಗದಗ: ಬಳಕೆಯೇ ಪ್ರಮಾಣವಾದರೆ ವ್ಯಾಕರಣ ಯಾಕೆ?

ಧಾರವಾಡ: ಇಬ್ಬರೂ ಒಂದು ಗಳಿಗೆ ತಡೀರಿ. ಕಣಗಿಲೆಗೆ ಇಷ್ಟು ಬರೆಸ್ತೇನಿ: ‘ಇದರ ಎಲೆಯ ವಿನ್‌ಕ್ರಿಸ್ಟೀನ್ ಕ್ಯಾನ್ಸರ್ ಕೋಶಗಳನ್ನು ಹೆಚ್ಚಾಗಿ ಆಯ್ದು ಕೊಲ್ಲುತ್ತದೆ.’

ಹುಬ್ಬಳ್ಳಿ: ‘ಎಲೆಯ’ ತೆಗೀರಿ, ಓದಿದವರು ಕಷಾಯ ಕಾಸ್ತಾರ. 1 ಗ್ರಾಂ ವಿನ್‌ಕ್ರಿಸ್ಟೀನ್‌ಗೆ ಸುಮಾರು 500 ಕೆಜಿ ಒಣ ಎಲೆ ಬೇಕು. ಕಷಾಯದಾಗ ಮದ್ದು ಬರಂಗಿಲ್ಲ, ಉಳಿದ ಆಲ್ಕಲಾಯ್ಡ್‌ಗಳ ವಿಷ ಬರ್ತದ. ಕೆಳಗ ಕೆಂಪು ಬಣ್ಣದಾಗ ‘ವಿಷಕಾರಿ, ತಿನ್ನಬೇಡಿ’ ಬರೆಸ್ರಿ.