ರೋಮಾದ ನಾಯಕ ಟೊಟ್ಟಿ: ನಿಮ್ಮ ನೆನಪಿನಲ್ಲಿ ಉಳಿದಿರುವುದು ಯಾವುದು?

ಹೊಸ ಪ್ರೇಕ್ಷಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಟಲಿಯ ಅಗ್ರ ಫುಟ್‌ಬಾಲ್ ಲೀಗ್ ಸೀರಿ ಎ ಪಂದ್ಯಗಳನ್ನು ನಾನು ಬಿಡದೆ ನೋಡತೊಡಗಿ ಎರಡು ವರ್ಷಗಳಾದವು, ಅಷ್ಟೆ. ಹಾಗಾಗಿ ಇದು ತೀರಾ ಎಳೆಯ ಪ್ರಶ್ನೆ ಎನಿಸಿದರೆ ಹಿರಿಯರು ಮನ್ನಿಸಬೇಕು.

ಫ್ರಾನ್ಸೆಸ್ಕೊ ಟೊಟ್ಟಿ ರೋಮಾ ತಂಡದಿಂದ ನಿವೃತ್ತರಾದದ್ದು 2017ರಲ್ಲಿ. ಆದರೂ ರೋಮಾದ ಪಂದ್ಯವಿದ್ದಾಗ ಒಲಿಂಪಿಕೊ ಕ್ರೀಡಾಂಗಣದ ಪ್ರೇಕ್ಷಕರ ನಡುವೆ ಅವರ ಹೆಸರಿನ 10ನೇ ಸಂಖ್ಯೆಯ ಜೆರ್ಸಿ ಇವತ್ತಿಗೂ ಕಣ್ಣಿಗೆ ಬೀಳುತ್ತದೆ. ಅಂಕಿಅಂಶಗಳನ್ನು ನಾನೂ ನೋಡಿದ್ದೇನೆ: ಒಂದೇ ಕ್ಲಬ್ಬಿಗೆ 25 ಋತುಗಳು, 786 ಪಂದ್ಯಗಳು, 307 ಗೋಲುಗಳು. ಇದರ ಎದುರು ಲೀಗ್ ಪ್ರಶಸ್ತಿ ಎಂದು ಬಂದದ್ದು ಒಂದೇ ಒಂದು, 2001ರಲ್ಲಿ. ಅದರ ಜೊತೆಗೆ ಎರಡು ಇಟಲಿ ಕಪ್, ಎರಡು ಸೂಪರ್ ಕಪ್. ಕಾಲು ಶತಮಾನ ಆಡಿ ಇಷ್ಟು ಮಾತ್ರ ಗೆದ್ದ ನಾಯಕನನ್ನು ಒಂದು ನಗರ ಈ ಮಟ್ಟಕ್ಕೆ ಹಚ್ಚಿಕೊಂಡಿರುವುದು ನನಗೆ ಅರ್ಥವಾಗಿಲ್ಲ.

ಅವರ ಆಟವನ್ನು ಆ ಕಾಲದಲ್ಲೇ, ನೇರಪ್ರಸಾರದಲ್ಲಿ ನೋಡಿದವರು ದಯವಿಟ್ಟು ಬರೆಯಿರಿ. ಹತ್ತು ಶ್ರೇಷ್ಠ ಗೋಲುಗಳ ವಿಡಿಯೊವನ್ನು ಆಗಲೇ ನಾಲ್ಕು ಬಾರಿ ನೋಡಿದ್ದೇನೆ. ಅದನ್ನೇ ಮತ್ತೆ ಕಳುಹಿಸಬೇಡಿ ಎಂದು ವಿನಂತಿ.

ನಡುರಾತ್ರಿ ಪಂದ್ಯ ಉತ್ತರಿಸಿದ್ದು:

ನಾನು ಹೇಳಹೊರಟಿರುವುದೂ ಗೋಲುಗಳನ್ನೇ. ಆದರೆ ಎರಡೂ ಪೆನಾಲ್ಟಿಗಳು, ಎರಡನ್ನೂ ಹೊಡೆದದ್ದು ರೋಮಾದ ಅಂಗಿಯಲ್ಲಲ್ಲ, ಇಟಲಿಯ ನೀಲಿಯಲ್ಲಿ. ನಮ್ಮಂಥ ದೂರದವರಿಗೆ ಅವರು ಮೊದಲು ಪರಿಚಯವಾದದ್ದೇ ಹಾಗೆ.

ಮೊದಲನೆಯದು 2000ದ ಯೂರೊ ಕಪ್ ಸೆಮಿಫೈನಲ್, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆತಿಥೇಯ ನೆದರ್‌ಲೆಂಡ್ಸ್ ವಿರುದ್ಧ. ಇಟಲಿಯ ಝಾಂಬ್ರೊಟ್ಟಾ ಮೊದಲಾರ್ಧದಲ್ಲೇ ಕೆಂಪು ಕಾರ್ಡ್ ಪಡೆದು ಹೊರನಡೆದಿದ್ದರು. ಉಳಿದ ಹತ್ತು ಮಂದಿ ಹೆಚ್ಚುವರಿ ಸಮಯದ ಕೊನೆಯವರೆಗೂ ಹಲ್ಲುಕಚ್ಚಿ ತಡೆದು, ಒಂದೂ ಗೋಲು ಬಿಟ್ಟುಕೊಡದೆ ಪಂದ್ಯವನ್ನು ಪೆನಾಲ್ಟಿಗಳವರೆಗೆ ಎಳೆದು ತಂದಿದ್ದರು. ಇಟಲಿಯ ಪರ ಮೂರನೆಯವರಾಗಿ ಬಂದ 23ರ ಹರೆಯದ ಟೊಟ್ಟಿ, ಎದುರಿಗೆ ಸುಮಾರು ಆರೂವರೆ ಅಡಿ ಎತ್ತರದ ವಾನ್ ಡರ್ ಸಾರ್ ಕೈಯಗಲಿಸಿ ನಿಂತಿದ್ದರೂ, ಚೆಂಡನ್ನು ಬಲವಾಗಿ ಒದೆಯಲಿಲ್ಲ. ಅದರ ಅಡಿಗೆ ಬೂಟಿನ ತುದಿಯನ್ನು ತೂರಿಸಿ ಮೆಲ್ಲಗೆ ಎತ್ತಿದರು, ಅಷ್ಟೆ. ಗೋಲ್‌ಕೀಪರ್ ಅಷ್ಟರಲ್ಲಿ ಒಂದು ಬದಿಗೆ ಬಿದ್ದಾಗಿತ್ತು. ಚೆಂಡು ಅವಸರವೇ ಇಲ್ಲದೆ ತೇಲಿಬಂದು ಬಲೆಗೆ ಇಳಿಯಿತು. ಈ ಹೊಡೆತಕ್ಕೆ ಇಟಲಿಯವರು ‘ಕುಕ್ಕಿಯಾಯೊ’ ಎನ್ನುತ್ತಾರೆ, ಅಂದರೆ ಚಮಚ. ‘ಈಗ ಇವನಿಗೆ ಚಮಚ ಹಾಕುತ್ತೇನೆ’ ಎಂದು ಹೋಗುವ ಮೊದಲೇ ಜೊತೆಗಾರರಿಗೆ ರೋಮ್‌ನ ಆಡುಮಾತಿನಲ್ಲಿ ಹೇಳಿದ್ದರೆಂಬ ಸಂಗತಿ ಆಮೇಲೆ ಅಲ್ಲಿ ಮನೆಮಾತಾಯಿತು. (ನಮ್ಮಲ್ಲಿ ಚಮಚಾ ಎಂದರೆ ಯಾರೆಂಬುದು ನಿಮಗೆ ಗೊತ್ತೇ ಇದೆ. ಆ ಅರ್ಥ ಮಾತ್ರ ಈ ಮನುಷ್ಯನಿಗೆ ಯಾವ ತರಬೇತುದಾರರ ಕಾಲದಲ್ಲೂ ಒಗ್ಗಲಿಲ್ಲ.)

ಎರಡನೆಯದು 2006ರ ವಿಶ್ವಕಪ್. ಆ ವರ್ಷದ ಫೆಬ್ರವರಿಯಲ್ಲಿ ಎಂಪೊಲಿ ವಿರುದ್ಧದ ಪಂದ್ಯದಲ್ಲಿ ಅವರ ಎಡಗಾಲಿನ ಮೂಳೆ ಕಣಕಾಲಿನ ಬಳಿ ಮುರಿದಿತ್ತು. ಒಳಗೆ ಲೋಹದ ಪಟ್ಟಿ ಇಟ್ಟು ತಿರುಪು ಬಿಗಿದಿದ್ದರು. ವಿಶ್ವಕಪ್ಪಿಗೆ ಉಳಿದದ್ದು ನಾಲ್ಕು ತಿಂಗಳಿಗೂ ಕಡಿಮೆ. ಆದರೂ ತರಬೇತುದಾರ ಲಿಪ್ಪಿ ಅವರಿಗಾಗಿ ಕಾದರು. ಜೂನ್ 26ರಂದು ಆಸ್ಟ್ರೇಲಿಯಾ ಎದುರು ಇಟಲಿ ಮತ್ತೆ ಹತ್ತೇ ಜನರಿಗೆ ಇಳಿದಿತ್ತು. ಗೋಲಿಲ್ಲದ ಪಂದ್ಯದ 95ನೇ ನಿಮಿಷದಲ್ಲಿ ಇಟಲಿಯ ಗ್ರೊಸ್ಸೊ ಬಿದ್ದು ಪೆನಾಲ್ಟಿ ಸಿಕ್ಕಿತು. ಒದೆಯುವುದು ಬಲಗಾಲಿನಲ್ಲಾದರೂ ಆ ಕ್ಷಣದಲ್ಲಿ ದೇಹದ ಭಾರವೆಲ್ಲ ಬೀಳುವುದು ಊರಿದ ಎಡಗಾಲಿನ ಮೇಲೆ, ಅಂದರೆ ಲೋಹದ ಪಟ್ಟಿ ಇದ್ದ ಕಾಲಿನ ಮೇಲೆಯೇ ಎಂಬುದನ್ನು ನೆನೆದು ನಮ್ಮ ಮನೆಯಲ್ಲಿ ನಾನೊಬ್ಬನೇ ಟಿವಿಯ ಮುಂದೆ ಎದ್ದು ನಿಂತಿದ್ದೆ. ಈ ಬಾರಿ ಚಮಚವಿರಲಿಲ್ಲ. ಚೆಂಡು ಎತ್ತರಕ್ಕೆ ಹಾರಿ ಒಳಗೆ ಸೇರಿತು; ಟೊಟ್ಟಿ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡು ಓಡಿದರು. ಹಿಂದಿನ ವರ್ಷ ಅವರಿಗೆ ಮಗ ಹುಟ್ಟಿದ್ದ.

ಬಿಳಿಕಪ್ಪು ಪಟ್ಟೆ ಉತ್ತರಿಸಿದ್ದು:

ನಾನು ಯುವೆಂಟಸ್ ಕಡೆಯವನು, ಆದ್ದರಿಂದ ಈ ಭಜನೆಗೆ ತಾಳ ಹಾಕುವುದು ನನ್ನಿಂದಾಗದು. ಪ್ರಶ್ನೆ ಕೇಳಿದವರು ಹೊಸಬರಾದ್ದರಿಂದ ಇನ್ನೊಂದು ಮಗ್ಗುಲೂ ತಿಳಿದಿರಲಿ. ಇದೇ ಟೊಟ್ಟಿ 2004ರ ಯೂರೊ ಕಪ್ಪಿನಲ್ಲಿ ಡೆನ್ಮಾರ್ಕಿನ ಪೋಲ್ಸನ್ ಮುಖಕ್ಕೆ ಉಗಿದು ಮೂರು ಪಂದ್ಯಗಳ ನಿಷೇಧಕ್ಕೆ ಒಳಗಾದವರು. 2010ರ ಇಟಲಿ ಕಪ್ ಫೈನಲ್‌ನಲ್ಲಿ ಬಾಲೊಟೆಲ್ಲಿಯನ್ನು ಹಿಂದಿನಿಂದ ಓಡಿಬಂದು ಒದ್ದು ಹೊರಹಾಕಿಸಿಕೊಂಡವರೂ ಇವರೇ. ತೋಳಿಗೆ ನಾಯಕನ ಪಟ್ಟಿ ಕಟ್ಟಿಕೊಂಡವರು ಮಾಡುವ ಕೆಲಸಗಳಲ್ಲ ಇವು. ಒಂದೇ ಕ್ಲಬ್ಬಿನಲ್ಲಿ ಉಳಿದದ್ದನ್ನು ತ್ಯಾಗವೆಂದು ವರ್ಣಿಸುವುದೂ ನನಗೆ ಸ್ವಲ್ಪ ಅತಿ ಎನಿಸುತ್ತದೆ. ಊರಿನಲ್ಲಿ ರಾಜನಾಗಿರುವವನಿಗೆ ಪರಊರಿನ ಮಂತ್ರಿಗಿರಿ ಏಕೆ ಬೇಕು?

ಇಷ್ಟು ಹೇಳಿದ ಮೇಲೆ ನನ್ನ ನೆನಪನ್ನೂ ಹೇಳಿಬಿಡುತ್ತೇನೆ, ಅದು ಹಿತವಾದದ್ದಲ್ಲ. 2004ರ ಫೆಬ್ರವರಿ 8ರಂದು ಒಲಿಂಪಿಕೊದಲ್ಲಿ ರೋಮಾ ನಮ್ಮನ್ನು 4-0ಯಿಂದ ಸೋಲಿಸಿತು. ನಮ್ಮ ಟುಡೋರ್ ಎದುರಾದಾಗ ಟೊಟ್ಟಿ ಮೊದಲು ನಾಲ್ಕು ಬೆರಳು ತೋರಿಸಿ, ಆಮೇಲೆ ತುಟಿಯ ಮೇಲೆ ಒಂದು ಬೆರಳಿಟ್ಟು, ಕೊನೆಗೆ ಮನೆಗೆ ನಡೆ ಎಂಬಂತೆ ಕೈಬೀಸಿದರು. ನಾಲ್ಕು, ಬಾಯ್ಮುಚ್ಚು, ಮನೆಗೆ ಹೋಗು. ಅಂದು ನನಗೆ ಮೈಯೆಲ್ಲ ಉರಿದಿತ್ತು. ಈಗ ರೋಮಾ ಜೊತೆ ಪಂದ್ಯ ಇದ್ದಾಗಲೆಲ್ಲ, ಎದುರು ತಂಡದಲ್ಲಿ ಹಾಗೆ ಮೈ ಉರಿಸುವವನು ಒಬ್ಬನೂ ಇಲ್ಲವಲ್ಲ ಎನಿಸುತ್ತದೆ.

ಟೆಸ್ಟಾಚಿಯೊ ಬೀದಿ ಉತ್ತರಿಸಿದ್ದು:

ಮೇಲಿನವರ ಮಂತ್ರಿಗಿರಿಯ ಮಾತಿಗೆ ಒಂದೇ ತಿದ್ದುಪಡಿ: ರಿಯಲ್ ಮ್ಯಾಡ್ರಿಡ್ ಕರೆದದ್ದು ಮಂತ್ರಿಗಿರಿಗಲ್ಲ. ಒಪ್ಪಿಕೊಳ್ಳುವ ಹಂತಕ್ಕೆ ತೀರಾ ಹತ್ತಿರ ಬಂದಿದ್ದೆ ಎಂದು ಸ್ವತಃ ಟೊಟ್ಟಿಯೇ ಹೇಳಿಕೊಂಡಿದ್ದಾನೆ. 2016ರ ಮಾರ್ಚ್‌ನಲ್ಲಿ ಅದೇ ಮ್ಯಾಡ್ರಿಡ್‌ನ ಬರ್ನಬ್ಯೂ ಕ್ರೀಡಾಂಗಣದಲ್ಲಿ ಅವನು ಬದಲಿ ಆಟಗಾರನಾಗಿ ಇಳಿದಾಗ, ತಮ್ಮಲ್ಲಿಗೆ ಬರಲೊಪ್ಪದವನಿಗೆ ಅಲ್ಲಿಯ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಏಕವಚನಕ್ಕೆ ಕ್ಷಮೆಯಿರಲಿ. ನಾನು ಓದಲೆಂದು ರೋಮ್‌ನಲ್ಲಿ ಇದ್ದೆ, ಅಲ್ಲಿ ಅವನನ್ನು ಯಾರೂ ಬೇರೆ ರೀತಿಯಲ್ಲಿ ಕರೆಯುತ್ತಿರಲಿಲ್ಲ. ನಾವು ಸಚಿನ್ ಬಂದ ಎನ್ನುತ್ತೇವೆಯೇ ಹೊರತು ಬಂದರು ಎನ್ನುವುದಿಲ್ಲವಲ್ಲ, ಹಾಗೆ. ಪ್ರಾಚೀನ ರೋಮ್‌ನ ಏಳು ರಾಜರ ಸಾಲಿಗೆ ಸೇರಿಸಿ ‘ಎಂಟನೆಯ ರಾಜ’ ಎನ್ನುವರು. ಅದೇ ಬಾಯಲ್ಲಿ ‘ಪುಪೋನೆ’ ಎಂದೂ ಕರೆಯುವರು, ಅಂದರೆ ದೊಡ್ಡ ಪಾಪು.

2017ರ ಮೇ 28, ಭಾನುವಾರ, ಜಿನೋವಾ ವಿರುದ್ಧ ಅವನ ಕೊನೆಯ ಪಂದ್ಯ. ನನಗೆ ಟಿಕೆಟ್ ಸಿಗಲಿಲ್ಲ. ಅಲ್ಲಿ ‘ಬಾರ್’ ಎಂದರೆ ಕಾಫಿ ಅಂಗಡಿ. ನಮ್ಮ ಬೀದಿಯ ಅಂಥ ಒಂದು ಅಂಗಡಿಯಲ್ಲಿ, ಗೋಡೆಯ ಮೇಲಿನ ಸಣ್ಣ ಟಿವಿಯ ಕೆಳಗೆ ನಿಂತೇ ನೋಡಿದೆ. ಮೂರನೇ ನಿಮಿಷದಲ್ಲಿ ಜಿನೋವಾದ ಪೆಲ್ಲೆಗ್ರಿ ಎಂಬ 16ರ ಹುಡುಗ ಗೋಲು ಹೊಡೆದ. ರೋಮಾ ಲೀಗ್ ಗೆದ್ದ 2001ರಲ್ಲಿ ಹುಟ್ಟಿದವನು ಅವನು. ಕಾಲ ಅಂದು ಟೊಟ್ಟಿಯನ್ನು ಅಣಕಿಸಲು ಹುಡುಕಿ ಕಳುಹಿಸಿದಂತಿತ್ತು. ದ್ವಿತೀಯಾರ್ಧದಲ್ಲಿ ಸಲಾ ಹೊರಬಂದು ಟೊಟ್ಟಿ ಇಳಿದ. 90ನೇ ನಿಮಿಷದಲ್ಲಿ ಪೆರೊಟ್ಟಿ ಹೊಡೆದ ಗೋಲಿನಿಂದ ರೋಮಾ 3-2ರಲ್ಲಿ ಗೆದ್ದು ಎರಡನೇ ಸ್ಥಾನ ಉಳಿಸಿಕೊಂಡಿತು. ಆದರೆ ಆ ಅಂಗಡಿಯಲ್ಲಿ ಎರಡನೇ ಸ್ಥಾನದ ಬಗ್ಗೆ ಮಾತನಾಡಿದವರು ಯಾರೂ ಇರಲಿಲ್ಲ.

ಪಂದ್ಯ ಮುಗಿದ ಮೇಲೆ ಹೆಂಡತಿ ಮಕ್ಕಳೊಂದಿಗೆ ಮೈದಾನ ಸುತ್ತಿ ಬಂದು, ಮೈಕ್ ಹಿಡಿದು, ಬರೆದು ತಂದಿದ್ದ ಪತ್ರವನ್ನು ಓದಿದ. 2001ರ ಜೂನ್ 17ರಂದು, ಪಾರ್ಮಾವನ್ನು ಸೋಲಿಸಿ ಲೀಗ್ ಗೆದ್ದ ದಿನ, ಈ ಕಾಲ ಬೇಗ ಓಡಲಿ, ರೆಫರಿ ಬೇಗ ಸೀಟಿ ಊದಲಿ ಎಂದು ನಾವೆಲ್ಲ ಹಂಬಲಿಸಿದ್ದೆವು. ಇಂದು ಅದೇ ಕಾಲ ಬಂದು ನನ್ನ ಹೆಗಲು ತಟ್ಟಿ, ಇನ್ನು ದೊಡ್ಡವನಾಗು, ಚಡ್ಡಿ ಬೂಟು ಕಳಚಿಡು ಎನ್ನುತ್ತಿದೆ ಎಂದ. ನನಗೆ ಹೆದರಿಕೆಯಾಗುತ್ತಿದೆ, ಇದು ಪೆನಾಲ್ಟಿ ಒದೆಯುವಾಗಿನ ಹೆದರಿಕೆಯಲ್ಲ, ಮುಂದೇನಿದೆ ಎಂಬುದು ಈ ಸಲ ಬಲೆಯ ಕಣ್ಣುಗಳ ಮೂಲಕ ಕಾಣುತ್ತಿಲ್ಲ ಎಂದ. ಕೌಂಟರಿನಾಚೆ ನಿಂತಿದ್ದ ಅಂಗಡಿಯ ಮುದುಕ ಅಷ್ಟೂ ಹೊತ್ತು ತೊಳೆದ ಒಂದೇ ಲೋಟವನ್ನು ಒರೆಸುತ್ತಲೇ ಇದ್ದ. ಯಾರೋ ಕಾಫಿ ಕೇಳಿದರು, ಅವನು ತಿರುಗಿಯೂ ನೋಡಲಿಲ್ಲ. ಟೊಟ್ಟಿ ತನ್ನ ತೋಳಪಟ್ಟಿಯನ್ನು ಕ್ಲಬ್ಬಿನ ಎಳೆಯರ ತಂಡದ ನಾಯಕನಾಗಿದ್ದ ಒಬ್ಬ ಪುಟ್ಟ ಹುಡುಗನಿಗೆ ಕೊಟ್ಟಾಗ ಮಾತ್ರ ಮುದುಕ ಲೋಟವನ್ನು ಕೆಳಗಿಟ್ಟು ಒಳಗೆ ಹೋದ. ಆ ಸಂಜೆ ಕಾಫಿಗೆ ಅವನು ಯಾರಿಂದಲೂ ಹಣ ತೆಗೆದುಕೊಳ್ಳಲಿಲ್ಲ, ತೆಗೆದುಕೊಳ್ಳಲು ಅವನು ಹೊರಗೇ ಬರಲಿಲ್ಲ.

ಹೊಸ ಪ್ರೇಕ್ಷಕ ಮತ್ತೆ ಕೇಳಿದ್ದು:

ಎಲ್ಲರಿಗೂ ಧನ್ಯವಾದಗಳು. ಕಾಫಿ ಅಂಗಡಿಯ ಭಾಗವನ್ನು ಮನೆಯಲ್ಲಿ ಓದಿ ಹೇಳಿದೆ. ಇನ್ನೊಂದು ಸಂದೇಹ: ಇವೆಲ್ಲ ದೊಡ್ಡ ಆಟಗಾರನ ನೆನಪುಗಳು. ನಾಯಕನಾಗಿ ಅವರು ಹೇಗಿದ್ದರು? ತಂಡದ ಕಷ್ಟಕಾಲದಲ್ಲಿ ಅವರು ಏನಾಗಿದ್ದರು?

ನಡುರಾತ್ರಿ ಪಂದ್ಯ ಉತ್ತರಿಸಿದ್ದು:

ನ್ಯಾಯವಾದ ಪ್ರಶ್ನೆ. 1998ರಲ್ಲಿ ಆಗಿನ ನಾಯಕ ಅಲ್ಡೈರ್ ಅವರಿಂದ ತೋಳಪಟ್ಟಿ ಪಡೆದಾಗ ಟೊಟ್ಟಿಗೆ 22 ವರ್ಷ. ಮೈದಾನದಲ್ಲಿ ಕೂಗಾಡಿ ತಂಡ ನಡೆಸುವ ಜಾತಿಯವರಲ್ಲ. ಆ ಕೆಲಸ ಹೆಚ್ಚಾಗಿ ಜೊತೆ ಆಟಗಾರ ಡಿ ರೊಸ್ಸಿಯದು. ಆತನನ್ನು ‘ಭವಿಷ್ಯದ ನಾಯಕ’ ಎಂದೇ ಕರೆದು ಕರೆದು, ಕೊನೆಗೆ ಪಟ್ಟಿ ಕೈಗೆ ಬಂದದ್ದು ಎರಡೇ ಋತುಗಳಿಗೆ. ಟೊಟ್ಟಿ ದೀರ್ಘಕಾಲ ಉಳಿದದ್ದಕ್ಕೆ ಯಾರಾದರೂ ಬೆಲೆ ತೆತ್ತಿದ್ದರೆ ಅದು ಡಿ ರೊಸ್ಸಿಯೇ. ಇದನ್ನು ಅಭಿಮಾನಿಗಳು ಒಪ್ಪಿಕೊಳ್ಳುವುದಿಲ್ಲ.

ಕಷ್ಟಕಾಲದ ಬಗ್ಗೆ ಕೇಳಿದಿರಿ. 2010ರ ಏಪ್ರಿಲ್‌ನಲ್ಲಿ ರೋಮಾ ಲೀಗಿನ ಅಂಕಪಟ್ಟಿಯ ಮೇಲ್ತುದಿಗೆ ಬಂದಿತ್ತು. ಸಾಂಪ್ಡೋರಿಯಾ ವಿರುದ್ಧ ತವರಿನಲ್ಲಿ ಮೊದಲ ಗೋಲು ಟೊಟ್ಟಿಯದೇ. ದ್ವಿತೀಯಾರ್ಧದಲ್ಲಿ ಪಝ್ಝಿನಿ ಎರಡು ಗೋಲು ಹೊಡೆದು ಕೈಗೆ ಬಂದ ತುತ್ತನ್ನು ಕಸಿದುಕೊಂಡರು. ಕೊನೆಗೆ ಇಂಟರ್ ತಂಡ ಎರಡು ಅಂಕಗಳಿಂದ ಲೀಗ್ ಗೆದ್ದಿತು.

ಇನ್ನು ಕೊನೆಯ ದಿನಗಳ ಕಷ್ಟ. ಸ್ಪಲೆಟ್ಟಿ ಮೊದಲ ಬಾರಿ ತರಬೇತುದಾರರಾಗಿದ್ದಾಗ ಟೊಟ್ಟಿಯನ್ನು ಮುಂಚೂಣಿಯಲ್ಲಿ ಆಡಿಸಿ, ನಿಜವಾದ ಸ್ಟ್ರೈಕರ್ ಇಲ್ಲದ ಹೊಸ ಬಗೆಯ ಆಟ ಕಟ್ಟಿದರು. 2006-07ರಲ್ಲಿ 26 ಲೀಗ್ ಗೋಲು ಹೊಡೆದು ಟೊಟ್ಟಿ, ಲೀಗುಗಳಲ್ಲಿ ಹೆಚ್ಚು ಗೋಲು ಹೊಡೆದವರಿಗೆ ಸಿಗುವ ಯುರೋಪಿನ ಚಿನ್ನದ ಬೂಟು ಪಡೆದದ್ದು ಹಾಗೆ. ಅದೇ ಸ್ಪಲೆಟ್ಟಿ ಎರಡನೇ ಬಾರಿ ಬಂದಾಗ 39ರ ಟೊಟ್ಟಿಯನ್ನು ಬೆಂಚಿನ ಮೇಲೆ ಕೂರಿಸಿದರು. ಟೊಟ್ಟಿ ಅದರ ಬಗ್ಗೆ ಸಂದರ್ಶನದಲ್ಲಿ ಬೇಸರ ತೋಡಿಕೊಂಡಾಗ, 2016ರ ಫೆಬ್ರವರಿಯಲ್ಲಿ, ಪಂದ್ಯಕ್ಕೆ ಮೊದಲು ಅಭ್ಯಾಸ ಶಿಬಿರದಿಂದ ಮನೆಗೆ ಕಳುಹಿಸಿದರು. ಯಾರದು ಸರಿ ಎಂದು ರೋಮ್‌ನಲ್ಲಿ ಇನ್ನೂ ಜಗಳವಿದೆ. ಶಿಸ್ತಿನ ದೃಷ್ಟಿಯಿಂದ ಸ್ಪಲೆಟ್ಟಿ ಸರಿ ಎಂಬುದು ನನ್ನ ಎಣಿಕೆ, ಆದರೆ ಅದನ್ನು ಹೇಳಲು ನನಗೆ ಖುಷಿಯೇನಿಲ್ಲ.

ಎರಡು ತಿಂಗಳ ನಂತರ, ಏಪ್ರಿಲ್ 20ರಂದು ಟೊರಿನೊ ವಿರುದ್ಧದ ಪಂದ್ಯ. ನಮ್ಮಲ್ಲಿ ನಡುರಾತ್ರಿ ದಾಟಿ ಶುರುವಾಗಿತ್ತು. 81ನೇ ನಿಮಿಷದಲ್ಲಿ ಟೊರಿನೊ 2-1ರಿಂದ ಮುಂದೆ ಹೋಯಿತು. ಬೆಳಿಗ್ಗೆ ಎಂಟಕ್ಕೆ ಕಚೇರಿಯ ಬಸ್ಸು ಬರುತ್ತದೆ, ಟೊಟ್ಟಿ ಹೇಗೂ ಬೆಂಚಿನಲ್ಲಿದ್ದಾರೆ, ಇನ್ನೇನು ನೋಡುವುದು ಎಂದು ನಾನು ಟಿವಿ ಆರಿಸಿ ಮಲಗಿದೆ. 86ನೇ ನಿಮಿಷದಲ್ಲಿ ಅವರು ಒಳಗೆ ಬಂದರು. ಬಂದವರು ಅರ್ಧ ನಿಮಿಷವೂ ಕಳೆಯುವ ಮೊದಲೇ, ಫ್ರೀ ಕಿಕ್ಕಿನಿಂದ ಬಂದ ಚೆಂಡಿಗೆ ಜಾರುತ್ತ ಹೋಗಿ ಕಾಲು ಕೊಟ್ಟು ಸಮ ಮಾಡಿದರು, 89ನೇ ನಿಮಿಷದಲ್ಲಿ ಪೆನಾಲ್ಟಿ ಹೊಡೆದು ಗೆಲ್ಲಿಸಿದರು. ನೇರಪ್ರಸಾರದಲ್ಲಿ ನೋಡಿದವರು ಬರೆಯಿರಿ ಎಂದು ನೀವು ಕೇಳಿದ್ದರಿಂದ ಒಪ್ಪಿಕೊಳ್ಳಬೇಕು: ಆ ಮೂರು ನಿಮಿಷ ನಾನು ನಿದ್ದೆಯಲ್ಲಿದ್ದೆ. ಬೆಳಿಗ್ಗೆ ಬಸ್ಸಿನಲ್ಲಿ ಪಕ್ಕದ ಸೀಟಿನ ಗೆಳೆಯ ಮೊಬೈಲಿನಲ್ಲಿ ಆ ಗೋಲು ತೋರಿಸಿದ. ಮಡಿವಾಳದ ಸಿಗ್ನಲ್ಲಿನಿಂದ ಕಚೇರಿಯವರೆಗೂ ಅವನ ಮೊಬೈಲನ್ನು ಹಿಂದಿರುಗಿಸಲಿಲ್ಲ.