ಲೈಬ್ರರಿ ತೋಟ: ನೆಡುವವರು ಸಿಗುತ್ತಾರೆ, ಬೇಸಿಗೆಯಲ್ಲಿ ನೀರು ಹಾಕುವವರು?

ಪ್ರಶ್ನೆ: ನಮ್ಮ ಸಾರ್ವಜನಿಕ ಗ್ರಂಥಾಲಯದ ಸುತ್ತ ಸ್ವಲ್ಪ ಖಾಲಿ ಜಾಗ ಇದೆ. ಓದಲು ಬರುವ ಕೆಲವರು ಸೇರಿ ಮಳೆ ಶುರುವಾದ ಮೇಲೆ ಗಿಡ ನೆಡಬೇಕು ಅಂತಿದ್ದೇವೆ. ಸಂಬಳದ ಮಾಲಿ ಇಲ್ಲ, ಎಲ್ಲ ನಾವೇ. ವರ್ಷವಿಡೀ ತೋಟ ಉಳಿಸಿಕೊಂಡವರು ದಯವಿಟ್ಟು ಅನುಭವ ಹೇಳಿ.

ಉತ್ತರ: ಗಿಡ ನೆಡುವ ದಿನ ಜನಕ್ಕೆ ಬರವಿಲ್ಲ. ಪಿಕಾಸಿ ಸಾಲದಷ್ಟು ಕೈ ಸೇರುತ್ತವೆ. ಬಿಸಿಲು ಏರುತ್ತಿದ್ದ ಹಾಗೆ ಪರೀಕ್ಷೆ, ಪ್ರವಾಸ, ಮನೆ ಕೆಲಸ ಅಂತ ಒಬ್ಬೊಬ್ಬರೇ ಕಡಿಮೆಯಾಗುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ, ಎಲ್ಲ ಕಡೆ ಹೀಗೇ. ಆದ್ದರಿಂದ ಎಷ್ಟು ಗಿಡ ಅನ್ನುವುದನ್ನು ಮಳೆಗಾಲದ ಹುಮ್ಮಸ್ಸು ನೋಡಿ ತೀರ್ಮಾನಿಸಬೇಡಿ. ಕಡು ಬೇಸಿಗೆಯ ಒಂದು ವಾರ ನೆನೆಸಿಕೊಳ್ಳಿ. ಆ ವಾರ ಖಂಡಿತ ಬರುವವರು ಯಾರು? ಮೂರೇ ಜನ ಅಂತಾದರೆ ಮೂರು ಜನರ ಕೈಲಾಗುವಷ್ಟೇ ತೋಟ ಮಾಡಿ. ಉಳಿದ ಜಾಗ ಮುಂದಿನ ವರ್ಷಕ್ಕಿರಲಿ.

ನಲ್ಲಿಯ ಪಕ್ಕ ಒಂದು ನೋಟ್‌ಬುಕ್ ನೇತು ಹಾಕಿ, ದಾರದಲ್ಲಿ ಪೆನ್ನು ಕಟ್ಟಿ. ಯಾವ ದಿನ, ಯಾರು, ಯಾವ ಪಾತಿಗೆ ನೀರು ಹಾಕಿದರು, ಇಷ್ಟು ಬರೆದರೆ ಸಾಕು. ಫೋನಿನ ಗುಂಪಿನಲ್ಲಿ ಹಾಕಿದ ಮಾತು ಹತ್ತು ಸಂದೇಶದ ಕೆಳಗೆ ಹೂತು ಹೋಗುತ್ತದೆ, ನೋಟ್‌ಬುಕ್ಕಾದರೆ ನಲ್ಲಿ ತಿರುಗಿಸುವವರ ಕಣ್ಣೆದುರೇ ಇರುತ್ತದೆ. ಬೆಳಿಗ್ಗೆ ಒಬ್ಬರು, ಸಂಜೆ ಇನ್ನೊಬ್ಬರು ಒಂದೇ ಪಾತಿಗೆ ನೀರು ಸುರಿಯುವುದೂ ಇದರಿಂದ ತಪ್ಪುತ್ತದೆ. ನೀರು ಜಾಸ್ತಿಯಾಗಿ ಬೇರು ಕೊಳೆತರೂ ಎಲೆ ಜೋತು ಬೀಳುತ್ತದೆ, ನೀರಿಲ್ಲದೆ ಬಾಡಿದಾಗಲೂ ಹಾಗೇ ಕಾಣುತ್ತದೆ. ಪಾಪ ಬಾಯಾರಿದೆ ಅಂತ ಮತ್ತೆ ಸುರಿದರೆ ಗಿಡ ಹೋಯಿತು. ಮೊದಲು ಬೆರಳನ್ನು ಎರಡನೇ ಗೆಣ್ಣಿನ ತನಕ ಮಣ್ಣಿಗೆ ಇಳಿಸಿ ನೋಡಿ. ಅಲ್ಲಿ ತಂಪಾಗಿ, ಅಂಟಂಟಾಗಿ ಇದ್ದರೆ ಕ್ಯಾನ್ ಕೆಳಗಿಡಿ.

ದಿನಾ ಮೇಲೆ ಮೇಲೆ ಚಿಮುಕಿಸುವುದಕ್ಕಿಂತ, ಬಿಟ್ಟು ಬಿಟ್ಟು ಬೆಳಗ್ಗೆ ಹೊತ್ತು ಚೆನ್ನಾಗಿ ನೆನೆಯುವ ಹಾಗೆ ಹಾಕುವುದು ಒಳ್ಳೆಯದು. ನೀರು ಕೆಳಗಿಳಿದರೆ ಬೇರೂ ಅದರ ಹಿಂದೆ ಇಳಿಯುತ್ತದೆ. ಆಮೇಲೆ ಒಂದು ಸರದಿ ತಪ್ಪಿದರೂ ಗಿಡ ತಡೆದುಕೊಳ್ಳುತ್ತದೆ. ಮರವಾಗುವ ಸಸಿಗಳಿಗಂತೂ ಮೊದಲ ಎರಡು ಬೇಸಿಗೆ ಕೈಬಿಡಬೇಡಿ.

ಇನ್ನು ಹೊದಿಕೆ. ಉದುರಿದ ಎಲೆ ಗುಡಿಸಿ ಸುಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅದೇ ಎಲೆಯನ್ನು 2–3 ಇಂಚು ದಪ್ಪ ಪಾತಿಗೆ ಹರಡಿದರೆ ಮಣ್ಣು ಬೇಗ ಒಣಗುವುದಿಲ್ಲ, ಕಳೆಯೂ ಕಡಿಮೆ. ಕಾಂಡಕ್ಕೆ ಮಾತ್ರ ತಾಗಬಾರದು, ಸುತ್ತ ನಾಲ್ಕು ಬೆರಳು ಬಿಡಿ. ಲೈಬ್ರರಿಯಲ್ಲಿ ಹಳೆ ದಿನಪತ್ರಿಕೆ ಇದ್ದೇ ಇರುತ್ತವೆ ಅಲ್ವಾ? ಕಾದಿಡಬೇಕಾದದ್ದು ಯಾವುದು ಅಂತ ಲೈಬ್ರೇರಿಯನ್ ಹತ್ತಿರ ಕೇಳಿ, ಬೇಡದ್ದನ್ನು ತನ್ನಿ. ನಾಲ್ಕೈದು ಹಾಳೆ ಸೇರಿಸಿ ಒದ್ದೆ ಮಾಡಿ, ಅಂಚಿನ ಮೇಲೆ ಅಂಚು ಬರುವ ಹಾಗೆ ಹಾಸಿ, ಮೇಲೆ ಎಲೆ ಹಾಕಿ. ಹೊಳಪು ಕಾಗದ ಬೇಡ.

ಉತ್ತರ: ನಾನು ಲೈಬ್ರರಿಯ ಒಳಗೆ ಕೆಲಸ ಮಾಡುವವಳು, ಹಾಗಾಗಿ ಗೋಡೆಯ ಪರವಾಗಿ ಮಾತಾಡುತ್ತೇನೆ. ಮೇಲಿನವರು ಹೇಳಿದ ಎಲೆ, ಕಾಗದ ಎರಡೂ ಗೆದ್ದಲಿಗೆ ಊಟ. ನಮ್ಮ ಪುಸ್ತಕವೂ ಊಟವೇ. ಪಾತಿಯನ್ನು ಗೋಡೆಗೆ ಅಂಟಿಸಬೇಡಿ. ಕನಿಷ್ಠ ಒಂದೂವರೆ ಅಡಿ ಬಿಡಿ, ಅಲ್ಲಿ ಜಲ್ಲಿ ಹಾಕಿ ಅಥವಾ ಖಾಲಿ ನೆಲ ಇರಲಿ. ಖಾಲಿ ಇದ್ದರೆ ಗೆದ್ದಲು ಕಟ್ಟುವ ಮಣ್ಣಿನ ಸಾಲು ಬುಡದಲ್ಲೇ ಕಣ್ಣಿಗೆ ಬೀಳುತ್ತದೆ. ಪೆನ್ಸಿಲ್‌ನಷ್ಟು ದಪ್ಪ, ಗೋಡೆಯ ಮೇಲೆ ಕೆಸರಿನಲ್ಲಿ ಗೆರೆ ಎಳೆದ ಹಾಗೆ. ಕಂಡ ದಿನವೇ ಕಚೇರಿಗೆ ತಿಳಿಸಿ.

ತೇವವೂ ಅಷ್ಟೇ. ಹೊರಗೆ ಗೋಡೆ ದಿನಾ ಒದ್ದೆಯಾದರೆ ಒಳಗೆ ಅದೇ ಗೋಡೆಗೆ ಒರಗಿದ ಕಪಾಟಿನ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಪೈಪಿನ ಬಾಯಿ ಯಾವ ಕಡೆ ಇದೆ ನೋಡಿಕೊಳ್ಳಿ. ಗೋಡೆಗೆ ಬಳ್ಳಿ ಹಬ್ಬಿಸುವ ಆಸೆ ಇದ್ದರೆ ದೂರದಲ್ಲಿ ಚಪ್ಪರ ಹಾಕಿ. ಬಿರುಕಿನಲ್ಲಿ ಆಲ, ಅಶ್ವತ್ಥದ ಸಸಿ ಎದ್ದರೆ ಬೆರಳಿನಲ್ಲಿ ಕೀಳುವಷ್ಟು ಚಿಕ್ಕದಿರುವಾಗಲೇ ಕಿತ್ತುಬಿಡಿ. ಓದುವ ಮೇಜಿನ ಎದುರಿನ ಕಿಟಕಿಗೆ ಎತ್ತರದ ಪೊದೆ ಬೇಡ, ಬೆಳಕು ಹೋಗುತ್ತದೆ.

ಉತ್ತರ: ಮಳೆಗಾಲದಲ್ಲಿ ಕೆಲಸ ಕಡಿಮೆ ಅಂದುಕೊಳ್ಳುತ್ತಾರೆ. ಹಾಗಿಲ್ಲ, ಕಳೆ ಕೀಳುವುದೇ ಆಗ. ಪಾರ್ಥೇನಿಯಂ ಹೂ ಬಿಡುವ ಮೊದಲೇ ಬೇರು ಸಮೇತ ಬರಬೇಕು. ಕೈಗೆ ಗವಸು ಕಡ್ಡಾಯ, ತುಂಬ ಜನರಿಗೆ ಅದರಿಂದ ತುರಿಕೆ, ಉಬ್ಬಸ. ವಾರಕ್ಕೊಮ್ಮೆ ಕುಂಡದ ತಟ್ಟೆ, ಬಕೆಟ್ಟು, ಮೂಲೆಯ ಡಬ್ಬ ಎಲ್ಲ ಬೋರಲು ಹಾಕಿ. ಸೊಳ್ಳೆ ಮೊಟ್ಟೆ ರೆಕ್ಕೆ ಬಲಿತು ಹಾರಲು ಹೆಚ್ಚುಕಡಿಮೆ 7–10 ದಿನ ಸಾಕು. ಓದುವವರ ಕಾಲಿಗೆ ಕಚ್ಚಿದರೆ ಬೈಗುಳ ತೋಟಕ್ಕೇ ಬರುತ್ತದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಗೋಡೆಯ ವಿಷಯ ನಮ್ಮ ತಲೆಗೇ ಬಂದಿರಲಿಲ್ಲ. ಯಾವ ಗಿಡ ಒಳ್ಳೆಯದು? ಮಕ್ಕಳ ವಿಭಾಗದ ಬಾಗಿಲು ಅದೇ ಕಡೆ ಇದೆ.

ಉತ್ತರ: ನೀರು ಕಡಿಮೆ ಬೇಕಾದ ಕಡೆ ಬೋಗನ್‌ವಿಲ್ಲಾ. ಅದಕ್ಕೆ ನೀರು, ಗೊಬ್ಬರ ಜಾಸ್ತಿಯಾದರೆ ಬರೀ ಎಲೆ, ಹೂ ಕಡಿಮೆ. ಮುಳ್ಳಿದೆ, ಬಾಗಿಲಿನಿಂದ ದೂರವಿರಲಿ. ಮಕ್ಕಳ ಕಡೆ ದಾಸವಾಳ, ಚೆಂಡು ಹೂವು, ಕಾಮಕಸ್ತೂರಿ ಹಾಕಿ. ಕಾಮಕಸ್ತೂರಿ ಹೂ ಬಿಟ್ಟಾಗ ಜೇನುಹುಳು ಮುತ್ತುತ್ತವೆ, ಮಕ್ಕಳು ದೂರ ನಿಂತು ನೋಡಲು ಒಳ್ಳೆಯದು. ಚಳಿ ಮುಗಿಯುವ ಹೊತ್ತಿಗೆ ಒಣಗಿದ ಚೆಂಡು ಹೂ ಬಿಡಿಸಿ ಬೀಜ ತೆಗೆಯುವ ಕೆಲಸ ಅವರಿಗೇ ಕೊಡಿ. ಕ್ಯಾಲಿಫೋರ್ನಿಯಾದ ರಿಚ್ಮಂಡ್ ಸಾರ್ವಜನಿಕ ಗ್ರಂಥಾಲಯದಲ್ಲಿ 2010ರಿಂದ ಪುಸ್ತಕದ ಹಾಗೆ ಬೀಜವನ್ನೂ ಕೊಡುತ್ತಾರೆ. ಒಂದು ಡ್ರಾಯರ್ ಸಿಕ್ಕಿದರೆ ನೀವೂ ಶುರು ಮಾಡಬಹುದು.

ಕಣಗಿಲೆ ಮಾತ್ರ ಬೇಡ. ಬರಗಾಲ ತಡೆಯುತ್ತದೆ ಅಂತ ನರ್ಸರಿಯವರು ಕೊಡುತ್ತಾರೆ. ಎಲೆ, ಹೂ, ಕಾಂಡ ಎಲ್ಲವೂ ವಿಷ. ಈಗಾಗಲೇ ಬೆಳೆದು ನಿಂತಿದ್ದರೆ ಗವಸು ಹಾಕಿಕೊಂಡು ದೊಡ್ಡವರೇ ತೆಗೆಸಿ. ಕಡಿದ ಟೊಂಗೆಯನ್ನು ಅಲ್ಲೇ ಸುಡಬೇಡಿ, ಅದರ ಹೊಗೆಯೂ ಅಪಾಯ.