ಅಪ್‌ಡೇಟ್: ಪೋಸ್ಟ್ ಹೊಸಬರಿಗೆ ಕಾಣುತ್ತಿರಲಿಲ್ಲ, ಈಗ ಸರಿಯಾಯಿತು

ಇನ್‌ಸ್ಟಾಗ್ರಾಮ್‌ನಲ್ಲಿ ಫಾಲೋ ಮಾಡದವರು ಹುಡುಕಿದರೆ ನನ್ನ ಪೋಸ್ಟ್ ಸಿಗುತ್ತಿಲ್ಲ, ಶ್ಯಾಡೋಬ್ಯಾನ್ (ನಮಗೆ ಹೇಳದೆಯೇ ಪೋಸ್ಟ್‌ಗಳನ್ನು ಹೊಸಬರಿಗೆ ತೋರಿಸದಿರುವುದು) ಇರಬಹುದಾ ಅಂತ ಹೋದ ವಾರ ಇಲ್ಲಿ ಕೇಳಿದ್ದೆ. ಈಗ ಸರಿಹೋಗಿದೆ!

ಆ್ಯಪ್ ತೆಗೆದು ಮತ್ತೆ ಹಾಕಿದೆ, ಎರಡು ದಿನ ಏನೂ ಪೋಸ್ಟ್ ಮಾಡದೆ ಸುಮ್ನೆ ಇದ್ದೆ. ಎರಡರಿಂದಲೂ ಪ್ರಯೋಜನವಾಗಲಿಲ್ಲ. ಕೆಲಸಕ್ಕೆ ಬಂದಿದ್ದು 'ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ಸ್ಟೇಟಸ್ ನೋಡಿ' ಅಂದವರ ಮಾತು. ತೆರೆದರೆ, ಎಂಟು ತಿಂಗಳ ಹಿಂದಿನ ಒಂದೇ ಒಂದು ಫೋಟೋದ ಮೇಲೆ, ಅದು ನಿಯಮಕ್ಕೆ ಹೊಂದುವುದಿಲ್ಲ ಅನ್ನುವ ಗುರುತು ಬಿದ್ದಿತ್ತು. ಹೊಲಿಗೆ ಹಾಕಿದ ನನ್ನ ಬೆರಳಿನ ಫೋಟೋ ಅದು! ಮತ್ತೆ ಪರಿಶೀಲಿಸಿ ಅಂತ ಕೇಳುವ ಅಪೀಲ್ ಬಟನ್ ಒತ್ತಿದೆ. ಮೂರನೇ ದಿನ ಗುರುತು ಹೋಯಿತು. ಗೆಳತಿಯ ಫೋನಿನಲ್ಲಿ ಹುಡುಕಿದರೆ ಪೋಸ್ಟ್ ಬಂತು.

ನನಗೆ ಗೊತ್ತಿರದಿದ್ದ ವಿಷಯ ಅಂದರೆ, ಸಸ್ಪೆನ್ಷನ್ ಬೇರೆ, ಶ್ಯಾಡೋಬ್ಯಾನ್ ಬೇರೆ. ಸಸ್ಪೆಂಡ್ ಆದರೆ ಅಕೌಂಟೇ ಬಂದ್. ಶ್ಯಾಡೋಬ್ಯಾನ್‌ನಲ್ಲಿ ಫಾಲೋವರ್ಸ್‌ಗೆ ಪೋಸ್ಟ್ ಕಾಣುತ್ತದೆ, ಹೊಸಬರಿಗೆ ತೋರಿಸುವುದು ಮಾತ್ರ ನಿಲ್ಲುತ್ತದೆ. ಅದಕ್ಕೇ ಇಷ್ಟು ದಿನ ಗೊತ್ತಾಗಲಿಲ್ಲ.